ಟ್ರೋಗಿರ್‌ಗೆ ಕಳಿಸದ ಪಟ್ಟಿ

ನಮ್ಮ ನಕ್ಷೆಯಲ್ಲಿ ಗುರುತು ಹಾಕಿದ ದ್ವೀಪಗಳು ಐದು. ಆರನೆಯದು ಸಾಂಬಾರಿನದು. ಹ್ವಾರ್ ಮತ್ತು ವಿಸ್ ದ್ವೀಪಗಳ ನಡುವಿನ ನೀರಿನಲ್ಲಿ ಹುಣಸೆಬೀಜದಷ್ಟು ಒಂದು ಹಳದಿ ಕಲೆ. ಅದು ನನ್ನ ಚಮಚದಿಂದ ಬಿದ್ದದ್ದೋ ನನ್ನ ಹೆಂಡತಿಯ ಚಮಚದಿಂದ ಬಿದ್ದದ್ದೋ ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಬರೆಯುತ್ತಿರುವವನು ನಾನಾದ್ದರಿಂದ ಅವಳದ್ದೇ ಎಂದು ಬರೆದುಬಿಡಬಹುದು. ಇಂಥ ಸಣ್ಣ ಅಧಿಕಾರಗಳನ್ನು ಬಳಸಿಕೊಂಡೇ ನೆನಪು ದೊಡ್ಡ ಸುಳ್ಳುಗಳಿಗೆ ಕೈಹಾಕುತ್ತದೆ. ಹಾಗಾಗಿ, ಯಾರ ಚಮಚವೋ ಗೊತ್ತಿಲ್ಲ.

ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. 2001ರಲ್ಲಿ ನಾವಿಬ್ಬರೂ ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದೆವು. ಅವಳು ಬೆಂಗಳೂರಿನವಳು, ನಾನು ಬಿಜಾಪುರದವನು. ಮದುವೆಯಾದೆವು. 2003ರಲ್ಲಿ ಅವಳಿಗೆ ಪಸಡೀನಾದ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್ ಸಿಕ್ಕಿತು, ನನಗೆ ಕಾರಿನಲ್ಲಿ ಎರಡು ತಾಸು ದೂರದ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯಲ್ಲಿ ಕೆಲಸ. ಎರಡು ಮನೆ, ಎರಡು ಕುಕ್ಕರ್, ಎರಡು ಸೆಟ್ ಮಸಾಲೆ ಡಬ್ಬ. ಒಂದು ಶನಿವಾರ ನಾನು ಡ್ರೈವ್ ಮಾಡಿಕೊಂಡು ಹೋಗುವುದು, ಮರುವಾರ ಅವಳು ಪಸಡೀನಾದಿಂದ ಮೆಟ್ರೋ ಹಿಡಿದು ಲಾಸ್ ಏಂಜಲೀಸ್ ಡೌನ್‌ಟೌನಿಗೆ, ಅಲ್ಲಿಂದ ರೈಲು ಹತ್ತಿ ನನ್ನಲ್ಲಿಗೆ. ಆ ರೈಲು ಅರ್ಧ ದಾರಿ ಸಮುದ್ರದ ಪಕ್ಕದಲ್ಲೇ ಓಡುತ್ತದೆ.

ದೋಣಿಯ ಯೋಚನೆ ಆ ರೈಲಿನಲ್ಲಿ ಹುಟ್ಟಿತು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ನನ್ನ ನೆನಪಿನಲ್ಲಿ ಅದು ಹುಟ್ಟಿದ್ದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ, ಅಲ್ಲಿದ್ದ ಹಳೆಯ ಪತ್ರಿಕೆಯೊಂದರಲ್ಲಿ. ಕ್ರೊಯೇಷಿಯಾದ ಕರಾವಳಿ, ಕಲ್ಲಿನ ಊರುಗಳು, ಕೈಗೆಟುಕುವಷ್ಟು ಹತ್ತಿರದ ದ್ವೀಪಗಳು. ಟ್ರೋಗಿರ್ ಎಂಬ ಊರಿನಲ್ಲಿ ಹಾಯಿದೋಣಿಯನ್ನು ಬಾಡಿಗೆಗೆ ಕೊಡುತ್ತಾರೆ. ನಡೆಸುವವರು ನಾವೇ. ಹಗಲು ಗಾಳಿ ಹಿಡಿದು ಹೋಗುವುದು, ಸಂಜೆ ಯಾವುದಾದರೂ ದ್ವೀಪದಲ್ಲಿ ಕಟ್ಟುವುದು, ಮರುದಿನ ಇನ್ನೊಂದು. ಹದಿನಾಲ್ಕು ದಿನ.

ಹೋಗಲು ಸಾಧ್ಯವಿರಲಿಲ್ಲ. ಇಬ್ಬರ ವೀಸಾ ಸ್ಟಾಂಪೂ ಮುಗಿದಿತ್ತು. ಅಮೆರಿಕದ ಒಳಗಿರುವಷ್ಟು ದಿನ ತೊಂದರೆಯಿಲ್ಲ. ಹೊರಗೆ ಕಾಲಿಟ್ಟರೆ ಹೊಸ ಸ್ಟಾಂಪಿಲ್ಲದೆ ವಾಪಸ್ ಬರುವಂತಿಲ್ಲ. ಅವಳ ಲ್ಯಾಬಿನ ಸಹೋದ್ಯೋಗಿಯೊಬ್ಬ ತಂಗಿಯ ಮದುವೆಗೆಂದು ಮೂರು ವಾರಕ್ಕೆ ಊರಿಗೆ ಹೋದವನು ಐದು ತಿಂಗಳು ಅಲ್ಲೇ ಸಿಕ್ಕಿಹಾಕಿಕೊಂಡ, ಹಿನ್ನೆಲೆ ತಪಾಸಣೆಯಂತೆ. ಅವನ ಮೇಜಿನ ಮೇಲಿನ ಗಿಡಗಳಿಗೆ ಇವಳು ನೀರು ಹಾಕುತ್ತಿದ್ದಳು. ಅರ್ಧ ಸತ್ತವು.

ಹಾಗಾಗಿ ಎಲ್ಲವೂ ಗ್ರೀನ್ ಕಾರ್ಡ್ ಬಂದ ಮೇಲೆ. ಅರ್ಜಿ ನನ್ನ ಕಂಪನಿಯ ಮೂಲಕ, ಅವಳು ನನ್ನ ಹೆಂಡತಿಯೆಂದು ಅದೇ ಅರ್ಜಿಯಲ್ಲಿ. ಅದು ಒಂದು ಹಂತಕ್ಕೆ ಬರುವವರೆಗೆ ನಾನು ಕೆಲಸ ಬದಲಾಯಿಸುವಂತಿಲ್ಲ. ಬಂದ ಮೇಲೆ ನಾನು ಪಸಡೀನಾಕ್ಕೆ ಬರುವುದು. ಬಂದ ಮೇಲೆ ಮಗು. ಬಂದ ಮೇಲೆ ದೋಣಿ. ನಮ್ಮೂರುಗಳಲ್ಲಿ ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುತ್ತಾರೆ, ಒಂದು ತಿಂಗಳು. ನಮ್ಮದು ಐದು ವರ್ಷದ ಆಷಾಢ.

ಹೋಗಲಾಗದವರು ಯೋಜನೆ ಮಾಡಿದಷ್ಟು ಚೆನ್ನಾಗಿ ಹೋಗುವವರು ಮಾಡುವುದಿಲ್ಲ. ಸ್ಯಾನ್ ಡಿಯಾಗೋದ ಬಂದರಿನ ಬಳಿಯ ಅಂಗಡಿಯಲ್ಲಿ ಆ ಕರಾವಳಿಯ ನಾವಿಕರ ನಕ್ಷೆ ತರಿಸಿದೆವು. ಶನಿವಾರ ಊಟವಾದ ಮೇಲೆ ಅದನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಡಬ್ಬ ಇಡುವುದು. ಅವಳು ಶಾಲೆಯ ಕಾಲದ ಕಂಪಾಸ್ ಬಾಕ್ಸ್ ತೆಗೆದು, ಎರಡು ಮೊನೆಯ ಕೈವಾರದಿಂದ ದೂರ ಅಳೆಯುತ್ತಿದ್ದಳು. ಟ್ರೋಗಿರ್‌ನಿಂದ ಶೋಲ್ಟಾ. ಶೋಲ್ಟಾದಿಂದ ಬ್ರಾಚ್. ಆಮೇಲೆ ಹ್ವಾರ್, ವಿಸ್, ಕೊರ್ಚುಲಾ. ಪೆನ್ಸಿಲಿನಲ್ಲಿ ಗೆರೆ ಎಳೆಯುವುದು, ಮುಂದಿನ ಸಲ ಅಳಿಸಿ ಬೇರೆ ಎಳೆಯುವುದು. ವಿಸ್ ದ್ವೀಪದ ಹತ್ತಿರ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಆ ದ್ವೀಪದಲ್ಲಿ ಹಿಂದೆ ಸೈನ್ಯವಿದ್ದು, ವಿದೇಶಿಯರನ್ನು ಬಿಡುತ್ತಿರಲಿಲ್ಲ ಎಂದು ಓದಿ, "ಅಲ್ಲೂ ಪೇಪರ್ ಕಾಟ ಇತ್ತು ಅನ್ನು" ಎಂದಿದ್ದಳು.

ಸಾಮಾನಿನ ಪಟ್ಟಿಯೂ ಇತ್ತು. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎರಡು ಲೀಟರಿನ ಕುಕ್ಕರ್. ದೋಣಿಯ ಒಲೆಯ ಮೇಲೆ ಕುಕ್ಕರ್ ನಿಲ್ಲುತ್ತದೆಯೇ ಎಂದು ಬಾಡಿಗೆಯ ಕಚೇರಿಗೆ ಇಮೇಲ್ ಬರೆದು ಕೇಳಿದಳು. ಅಲೆ ಬಂದಾಗ ದೋಣಿ ವಾಲಿದರೂ ಒಲೆ ಮಾತ್ರ ಮಟ್ಟಸವಾಗಿ ತೂಗಾಡುತ್ತಿರುತ್ತದೆ, ಆದರೆ ರಜೆಯಲ್ಲಿ ನಿಮಗೆ ಅದೆಲ್ಲ ಯಾಕೆ, ದ್ವೀಪಗಳಲ್ಲಿ ಒಳ್ಳೆಯ ಮೀನು ಸಿಗುತ್ತದೆ ಎಂದು ಉತ್ತರ ಬಂತು.

ಹಾಯಿದೋಣಿ ಕಲಿಯಲು ಸ್ಯಾನ್ ಡಿಯಾಗೋದ ಕೊಲ್ಲಿಯಲ್ಲೇ ಒಂದು ಶಾಲೆಗೆ ಸೇರಿದೆವು. ನೌಕಾಪಡೆಯಿಂದ ನಿವೃತ್ತನಾದ ಮುದುಕನೊಬ್ಬ ಕಲಿಸುತ್ತಿದ್ದ. ಅವನದು ಒಂದೇ ಕಟ್ಟುನಿಟ್ಟು. ಚುಕ್ಕಾಣಿ ಹಿಡಿದವರು ದೋಣಿ ತಿರುಗಿಸುವ ಮೊದಲು ಕೇಳಬೇಕು, ತಯಾರಾ ಎಂದು. ಹಗ್ಗ ಹಿಡಿದವರು ತಯಾರು ಎನ್ನಬೇಕು. ಉತ್ತರ ಬರುವವರೆಗೆ ತಿರುಗಿಸಬಾರದು, ಯಾಕೆಂದರೆ ತಿರುಗುವಾಗ ಹಾಯಿಯ ಕೆಳಗಿನ ಅಡ್ಡಗಂಬ ಈ ಕಡೆಯಿಂದ ಆ ಕಡೆಗೆ ಬೀಸಿ ಬರುತ್ತದೆ. ಚುಕ್ಕಾಣಿ ಯಾವಾಗಲೂ ಅವಳದ್ದು.

"ತಿರುಗಿಸ್ಲಾ?"

"ತಡಿ ತಡಿ, ಹಗ್ಗ ಸಿಕ್ಕೊಂಡದ."

"ಎಷ್ಟೊತ್ತೋ? ಎದುರಿಗೆ ದೋಣಿ ಬರ್ತಾ ಇದೆ ಕಣೋ!"

"ನಿಮ್ಮ ಮೆಜೆಸ್ಟಿಕ್ ಅಲ್ಲ ಇದು. ಗದ್ದಲಾ ಮಾಡಬ್ಯಾಡ."

"ಬಿಜಾಪುರದಲ್ಲಿ ನೀನು ನೀರು ನೋಡಿದ್ದು ಟ್ಯಾಂಕರ್‌ನಲ್ಲಿ ತಾನೇ? ಬಾಯ್ಮುಚ್ಕೊಂಡು ಹಗ್ಗ ಬಿಡು."

ಬಿಡುವಷ್ಟರಲ್ಲಿ ತಿರುಗಿಸಿದಳು. ಅಡ್ಡಗಂಬ ಹಣೆಗೆ ಬಡಿಯಿತು. ಮನೆಗೆ ಬಂದು ಫ್ರೀಜರಿನಿಂದ ಬಟಾಣಿ ಪ್ಯಾಕೆಟ್ ತೆಗೆದು ಬುಗುಟಿನ ಮೇಲೆ ಒತ್ತಿ ಹಿಡಿದು, "ಇನ್ಮೇಲೆ ನೀನು ಹೂಂ ಅನ್ನೋವರೆಗೂ ತಿರುಗಿಸಲ್ಲ, ಆಯ್ತಾ?" ಎಂದಳು. ಅದಾದ ಮೇಲೆ ಎಂದೂ ತಿರುಗಿಸಲಿಲ್ಲ. ಕೆಲವು ಸಲ ನಾನು ಬೇಕೆಂದೇ ಸುಮ್ಮನಿರುತ್ತಿದ್ದೆ, ಅವಳು ಕಾಯುವುದನ್ನು ನೋಡಲು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ನೆನಪಿರದಿದ್ದರೆ ಚೆನ್ನಾಗಿತ್ತು.

2007ರ ಬೇಸಿಗೆಯಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಸರದಿ ಬಂತು. ಕೊನೆಯ ಹಂತದ ಅರ್ಜಿ ಹಾಕಿದೆವು. ಫಾರಂ ತುಂಬುವುದು ನನ್ನ ಕೆಲಸ, ನಕ್ಷೆ ಅವಳದ್ದು, ಮೊದಲಿನಿಂದಲೂ ಹಾಗೆ. ಕಾರ್ಡ್ ಬರಲು ಇನ್ನೂ ಕಾಲವಿತ್ತು, ಆದರೆ ಅಷ್ಟರೊಳಗೆ ಹೊರದೇಶಕ್ಕೆ ಹೋಗಿಬರಲು ಒಂದು ಪರವಾನಗಿ ಪತ್ರ ಕೊಡುತ್ತಾರೆ. ಅರ್ಜಿ ಹಾಕಿ ಆರು ತಿಂಗಳಾದರೆ ಕೆಲಸವನ್ನೂ ಬದಲಾಯಿಸಬಹುದು. ಅದನ್ನು ಓದಿ ಅವಳಿಗೆ ಹೇಳಿದವನು ನಾನೇ.

ಪರವಾನಗಿ ದೀಪಾವಳಿಯ ಹೊತ್ತಿಗೆ ನನ್ನ ವಿಳಾಸಕ್ಕೆ ಬಂತು, ಇಬ್ಬರ ಫೋಟೋ ಇದ್ದ ಕಾಗದಗಳು. ಆಫೀಸಿನಿಂದ ಊಟಕ್ಕೆ ಮನೆಗೆ ಬಂದಿದ್ದೆ. ಫೋನ್ ಮಾಡಿದೆ. ಲ್ಯಾಬಿನಲ್ಲೇ ಕೂಗಿದಳು. "ಹೋಗೋಣ್ವಾ?" ಅಂದಳು. "ಹೋಗೂಣು" ಅಂದೆ. ಹಾಗೆ ಅಂದು ಆ ಕಾಗದಗಳನ್ನು ಮತ್ತೆ ಲಕೋಟೆಗೆ ತುರುಕಿದ್ದು ನಿಜವೋ, ಆಮೇಲೆ ನಡೆದದ್ದರಿಂದ ಈಗ ಸೇರಿಸುತ್ತಿದ್ದೇನೋ, ಹೇಳಲಾರೆ.

ಅದೇ ವಾರ ವೆಸ್ಟ್ ಕೊವಿನಾದಲ್ಲಿ ಪರಿಚಯದ ದಂಪತಿಗಳ ಮನೆಯಲ್ಲಿ ಹಬ್ಬದ ಊಟ. ಹುಬ್ಬಳ್ಳಿ ಕಡೆಯವರು, ಬಂದು ಇಪ್ಪತ್ತು ವರ್ಷವಾಗಿತ್ತು.

"ರೊಕ್ಕ ಕೊಟ್ಟು ದೋಣಿ ತಗೊಂಡು, ಮತ್ತ ನಾವಽ ನಡಸೋದು?" ಎಂದರು ಅಂಕಲ್, ಹೋಳಿಗೆ ಮುರಿಯುತ್ತ. "ಕ್ರೂಸ್‌ನ್ಯಾಗ ಹೋಗ್ರಿ. ಹೊತ್ತು ಹೊತ್ತಿಗೆ ಊಟ ಹಾಕ್ತಾರ."

"ಚುಕ್ಕಾಣಿ ಹಿಡಿಯೋಳು ನಾನು, ಅಂಕಲ್. ಇವನಿಗೆ ಹೊತ್ತು ಹೊತ್ತಿಗೆ ಊಟ ಹಾಕ್ತೀನಿ, ಬಿಡಿ" ಎಂದಳು.

"ಹಂಗಾರ ನಾನೂ ಬರ್ತೀನಿ."

ಆಂಟಿ ಅವಳ ತಟ್ಟೆಗೆ ತುಪ್ಪ ಹಾಕುತ್ತ, "ಪೇಪರ್ ಬಂತಲ್ಲವಾ, ಇನ್ನ ಯಾತಕ್ಕ ಕಾಯ್ತೀರಿ?" ಎಂದರು. ಮಗುವಿನ ಬಗ್ಗೆ ಎಂದು ಎಲ್ಲರಿಗೂ ಗೊತ್ತಾಯಿತು. ಅವಳು ನನ್ನ ಕಡೆ ನೋಡಿದಳು. ನಾನು ಹೋಳಿಗೆ ನೋಡಿದೆ.

ಜನವರಿಯಲ್ಲಿ ಟ್ರೋಗಿರ್‌ನ ಕಚೇರಿ ಮೇ ತಿಂಗಳಿಗೆ ಒಂದು ದೋಣಿಯನ್ನು ಎತ್ತಿಟ್ಟಿತು. ಮೂವತ್ಮೂರು ಅಡಿ ಉದ್ದ, ಒಂದೇ ಮಲಗುವ ಕೋಣೆ ಸಾಕೆಂದು ಬರೆದಿದ್ದೆವು. ಹತ್ತು ದಿನದೊಳಗೆ ದೋಣಿಯಲ್ಲಿರುವವರ ಪಟ್ಟಿ ತುಂಬಿ ಕಳಿಸಬೇಕು. ಕ್ರೂ ಲಿಸ್ಟ್ ಎನ್ನುತ್ತಾರೆ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್. ಆರು ಸಾಲಿನ ಒಂದು ಪುಟ.

ಮೊದಲ ಸಾಲು ದೋಣಿ ನಡೆಸುವವರದ್ದು. ಅಲ್ಲಿ ಅವಳ ಹೆಸರು ಹಾಕಿದೆ. ಅವಳ ಪಾಸ್‌ಪೋರ್ಟ್ ನಂಬರ್ ನನಗೆ ಬಾಯಿಪಾಠ; ಅಷ್ಟು ವರ್ಷ ಅಷ್ಟೊಂದು ಫಾರಂ ತುಂಬಿದ್ದೆ. ಎರಡನೆಯ ಸಾಲಿಗೆ ಬಂದೆ. ಹದಿನಾಲ್ಕು ದಿನ ಎಂದು ಯೋಚಿಸಿದೆ. 2003ರಿಂದ ನಾವು ಒಟ್ಟಿಗೆ ಸತತವಾಗಿ ಇದ್ದದ್ದು ಹೆಚ್ಚೆಂದರೆ ನಾಲ್ಕು ದಿನ, ನವೆಂಬರಿನ ಉದ್ದ ರಜೆಯಲ್ಲಿ. ನಾಲ್ಕನೆಯ ದಿನ ಇಬ್ಬರಲ್ಲಿ ಒಬ್ಬರು ಬ್ಯಾಗು ತುಂಬುತ್ತಿದ್ದರು, ಆ ಜಿಪ್ಪಿನ ಸದ್ದಿಗೆ ನನಗೆ ಒಂದು ಥರ ನೆಮ್ಮದಿಯಾಗುತ್ತಿತ್ತು. ಅವಳ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಮೇಜಿನ ಮೇಲಿನ ನಕ್ಷೆಯಲ್ಲಿ ನಾವಿಬ್ಬರೂ ಬಹಳ ಚೆನ್ನಾಗಿದ್ದೆವು. ದೋಣಿಯಲ್ಲಿ ನಾಲ್ಕನೆಯ ದಿನದ ನಂತರ ನಾನು ಯಾರಾಗಿರುತ್ತೇನೋ ನನಗೆ ಗೊತ್ತಿರಲಿಲ್ಲ.

ಫೈಲ್ ಮುಚ್ಚಿದೆ. ನಾಳೆ ತುಂಬೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಅವಳು ಫೋನಿನಲ್ಲಿ "ಕಳ್ಸಿದ್ಯಾ?" ಎಂದು ಕೇಳಿದಾಗ "ಕಳಸ್ಲಿಕ್ಕತ್ತೀನಿ" ಎಂದೆ.

ಆಮೇಲೆ ಒಂದು ಶನಿವಾರ, ಬೆಳಗಿನ ರೈಲಿಗೆ ಬಂದಳು. ಸ್ಟೇಷನ್ನಿಗೆ ಹೋಗಿದ್ದೆ. ಕಾರಿನ ಕಡೆ ಬರಲಿಲ್ಲ, ಅಲ್ಲೇ ಹೊರಗಿನ ಬೆಂಚಿನಲ್ಲಿ ಕೂತಳು. ನೀಲಿ ಸ್ವೆಟರ್ ಹಾಕಿದ್ದಳು ಎಂದು ಬಹಳ ವರ್ಷ ನಂಬಿದ್ದೆ. ಆ ಸ್ವೆಟರ್ ನಾನು ನೋಡಿದ್ದು ಆಮೇಲೆ, ಯಾರೋ ತೋರಿಸಿದ ಫೋಟೋದಲ್ಲಿ. ಹಾಗಾಗಿ ಏನು ಹಾಕಿದ್ದಳೋ ಗೊತ್ತಿಲ್ಲ. ಕೈಯಲ್ಲಿ ಒಂದು ಇಮೇಲಿನ ಪ್ರಿಂಟ್ ಇದ್ದದ್ದು ಖಂಡಿತ. ಪಟ್ಟಿ ಬಾರದ ಕಾರಣ ದೋಣಿಯನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂದು ಕಚೇರಿ ಇಬ್ಬರಿಗೂ ಬರೆದಿತ್ತು.

"ಏನೋ ಇದು?"

"ಬ್ಯಾರೆ ದೋಣಿ ಸಿಗ್ತದ. ಮತ್ತ ನೋಡು, ಆ ಪರವಾನಗಿ ಏನ್ ಗ್ಯಾರಂಟಿ ಅಲ್ಲ. ವಾಪಸ್ ಬರೂ ಮುಂದ ಏರ್‌ಪೋರ್ಟಿನ್ಯಾಗ ಆಫೀಸರ್ ತಡದ್ರ ಏನ್ ಮಾಡೋದು? ಕಂಪನಿ ಲಾಯರ್ ಹೇಳ್ಯಾಳಲ್ಲ."

"ಲಾಯರ್ ಹೇಳಿದ್ದು ನಾನೂ ಕೇಳಿಸ್ಕೊಂಡೆ. ಹೋಗ್ಬಹುದು ಅಂದ್ಲು."

"ಕಾರ್ಡ್ ಬರ್ಲಿ, ಆಮ್ಯಾಲೆ..."

"ಪಸಡೀನಾಗೆ ಬರ್ತೀನಿ ಅಂದಿದ್ಯಲ್ಲ. ಆರು ತಿಂಗಳಾಯ್ತು. ಒಂದು ಕಡೆನಾದ್ರೂ ಅಪ್ಲೈ ಮಾಡಿದ್ಯಾ?"

ನಾನು ಜೇಬಿನಿಂದ ಕಾರಿನ ಕೀಲಿ ತೆಗೆದೆ.

"ಹೇಳೋ. ಇನ್ನು ಯಾವ ಪೇಪರ್ ಬಾಕಿ ಇದೆ?"

ಇಲ್ಲಿ ಅವಳು "ತಿರುಗಿಸ್ಲಾ?" ಎಂದು ಕೇಳಿದಳೆಂದು ಬರೆದರೆ ಕತೆ ಅಚ್ಚುಕಟ್ಟಾಗಿ ಕೂರುತ್ತದೆ. ಹಾಗೆ ಬರೆದೂ ನೋಡಿದ್ದೇನೆ. ಆದರೆ ಅವಳು ಹಾಗೆ ಕೇಳಲಿಲ್ಲ. ಪೇಪರ್ ಎಂದಳು. ಕೇಳಿ ಕಾದಳು, ಅಷ್ಟು ನಿಜ. ಎಷ್ಟು ಹೊತ್ತು ಕಾದಳೆಂದು ಬೇರೆ ಬೇರೆ ದಿನ ಬೇರೆ ಬೇರೆಯಾಗಿ ನೆನಪಾಗುತ್ತದೆ. ಒಂದು ರೈಲು ಬಂದು ಹೋಗುವಷ್ಟು ಹೊತ್ತು ಎಂದು ಒಮ್ಮೆ. ಇಲ್ಲ, ಅರ್ಧ ನಿಮಿಷವೂ ಇರಲಾರದು ಎಂದು ಇನ್ನೊಮ್ಮೆ.

ಮುಂದೆ ನಾನು ಆಡಿದ ಮಾತು ಮಾತ್ರ ಯಾವ ದಿನವೂ ಬದಲಾಗುವುದಿಲ್ಲ.

"ನನ್ನ ಬಿಟ್ಟು ಹೋದ್ರ ನಿನ್ನ ಅಪ್ಲಿಕೇಶನ್ನೂ ಹೋಗ್ತದ, ಗೊತ್ತದ ಇಲ್ಲೊ?"

ಅವಳು ಬಿಟ್ಟು ಹೋಗುವ ಮಾತೇ ಎತ್ತಿರಲಿಲ್ಲ.

ಪ್ರಿಂಟನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. "ಅದೊಂದನ್ನ ಮಾತ್ರ ಸರಿಯಾಗಿ ಓದಿಟ್ಕೊಂಡಿದೀಯ" ಎಂದಳು. ಧ್ವನಿ ಏರಿಸಲಿಲ್ಲ. ಟಿಕೆಟ್ ತೆಗೆದುಕೊಂಡು ಮುಂದಿನ ರೈಲಿಗೆ ವಾಪಸ್ ಹೋದಳು. ನಾನು ಕಾರಿನಲ್ಲಿ ಕೂತಿದ್ದೆ. ಓಡಿ ಹೋಗಿ ತಡೆಯಬಹುದಿತ್ತು, ಹತ್ತು ಹೆಜ್ಜೆ. ಮನೆಯಲ್ಲಿ ಅವಳಿಗಾಗಿ ಬಿಸಿಬೇಳೆಬಾತ್ ಮಾಡಿಟ್ಟಿದ್ದೆ. ಸೋಮವಾರದವರೆಗೆ ತಿಂದೆ.

ಆ ವರ್ಷದ ಕೊನೆಗೆ ಅವಳು ಇಟಲಿಯ ಒಂದು ಸಂಶೋಧನಾ ಕೇಂದ್ರಕ್ಕೆ ಹೋದಳು. ಅರ್ಜಿಯನ್ನು ಹೋಗಲು ಬಿಟ್ಟಳು. ಅವಳು ಹೋದ ಊರು ನಮ್ಮ ದ್ವೀಪಗಳಿರುವ ಅದೇ ಸಮುದ್ರದ ಮೇಲಿನ ತುದಿಯಲ್ಲಿದೆ. ನಮ್ಮ ನಕ್ಷೆ ಅಷ್ಟು ಉತ್ತರಕ್ಕೆ ಹೋಗುವುದಿಲ್ಲ. ದ್ವೀಪಗಳಿಗೆ ಹೋದಳೋ ಇಲ್ಲವೋ ನಾನು ಕೇಳಲಿಲ್ಲ. ವಿಚ್ಛೇದನದ ಕಾಗದಗಳನ್ನು ತುಂಬಿದವನು ನಾನೇ, ಗಡುವಿಗೆ ನಾಲ್ಕು ದಿನ ಮೊದಲೇ, ಒಂದು ತಪ್ಪೂ ಇಲ್ಲದೆ. ನನ್ನ ಕಾರ್ಡ್ ಆಮೇಲೆ ಬಂತು.

ಆ ಪಟ್ಟಿಯ ಫೈಲ್ ಹಳೆಯ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದೆ. ಮೊದಲ ಸಾಲು ತುಂಬಿದೆ, ಉಳಿದ ಐದು ಖಾಲಿ. ಒಮ್ಮೆ ಅದನ್ನು ತೆರೆದು ಎರಡನೆಯ ಸಾಲಿನಲ್ಲಿ ನನ್ನ ಹೆಸರು ಹೊಡೆದೆ, ಹುಟ್ಟಿದ ದಿನ ಹೊಡೆದೆ. ಪಾಸ್‌ಪೋರ್ಟ್ ನಂಬರಿಗೆ ಬಂದಾಗ ಏಳಬೇಕಾಯಿತು. ನನ್ನ ನಂಬರ್ ನನಗೆ ಎಂದೂ ಬಾಯಿಪಾಠವಾಗಲಿಲ್ಲ, ಬೀರು ತೆಗೆದು ನೋಡಬೇಕು. ಅವಳದ್ದು ಈಗಲೂ ಬಾಯಲ್ಲೇ ಇದೆ, ನೋಡುವುದು ಬೇಡ. ಆ ಪಾಸ್‌ಪೋರ್ಟಿನ ಅವಧಿ ಮುಗಿದು, ಮೂಲೆ ಕತ್ತರಿಸಿ, ಅವಳಿಗೆ ಎಂದೋ ಬೇರೆಯದು ಕೊಟ್ಟಿರುತ್ತಾರೆ.