ಬೆವರಿದ ಬೆರಳಿಗೆ ಬಗ್ಗದ ಟ್ರೆಡ್‌ಮಿಲ್

ಗೆಳೆಯರೇ, ಇವತ್ತು ಠಾಣೆ ನಗರದ ಘೋಡಬಂದರ್ ರಸ್ತೆಯ ನಮ್ಮ ಜಿಮ್‌ನಲ್ಲಿ ನಾನು ಗೆದ್ದೆ!

ಹೊಸ ಟ್ರೆಡ್‌ಮಿಲ್‌ನ ಸ್ಟಾಪ್ ಬಟನ್ ಇರುವುದು ಪರದೆಯ ಮೇಲೆ. ಬೆರಳು ಬೆವರಿದರೆ ಅದು ಕೇಳುವುದೇ ಇಲ್ಲ. ಎಳೆದರೆ ಯಂತ್ರ ನಿಲ್ಲಲೆಂದು ತುರ್ತಿಗೆ ಕೊಟ್ಟಿದ್ದ ದಾರವನ್ನು ಯಾರೋ ಮೊದಲ ವಾರವೇ ಕಿತ್ತಿದ್ದಾರೆ. ನಾನು ದೂರು ಕೊಟ್ಟಿದ್ದಕ್ಕೆ ಕಂಪನಿಯ ಮಹಾಪೆ ಆಫೀಸಿನಿಂದ ಎಂಜಿನಿಯರ್ ಬಂದಿದ್ದ, ಬೆಂಗಳೂರಿನ ಹುಡುಗ.

"ಅಂಕಲ್, ಎಲ್ಲಾ ಟೆಸ್ಟ್ ಮಾಡೇ ಕಳ್ಸಿದೀವಿ. ನಿಮಗೆ ಒತ್ತೋಕೆ ಬರಲ್ಲ ಅಷ್ಟೇ."

"ಓಡಿ ಟೆಸ್ಟ್ ಮಾಡಿದ್ದೀರಾ ಮಾರಾಯ್ರೇ?"

"ಓಡೋದ್ಯಾಕೆ? ಎಸಿ ಆಫೀಸಲ್ಲಿ ನಿಂತ್ಕೊಂಡೇ ಚೆಕ್ ಮಾಡಿದ್ವಿ."

"ಹಾಗಾದ್ರೆ ಈಗ ಹತ್ತು ನಿಮಿಷ ಓಡಿ."

ಓಡಿದ. ಠಾಣೆಯ ಸೆಕೆಗೆ ಬೆವರಿ ತೊಪ್ಪೆಯಾದ. ಸ್ಟಾಪ್ ಒತ್ತಿದ, ನಿಲ್ಲಲಿಲ್ಲ. ಮತ್ತೆ ಒತ್ತಿದ, ವೇಗ ಹೆಚ್ಚಿತು!

"ಅಂಕಲ್, ನಿಲ್ಸಿ! ನಿಲ್ಸಿ!"

ಇದೇ ಊರಿನ ನೌಪಾಡಾದಲ್ಲಿ ಮೂವತ್ತು ವರ್ಷ ಉಡುಪಿ ಹೋಟೆಲ್ ನಡೆಸಿದವನು ನಾನು. ಟೇಬಲ್ ಒರೆಸುವ ಬಟ್ಟೆ ಹೆಗಲ ಮೇಲಿಲ್ಲದೆ ಮನೆಯಿಂದ ಹೊರಡುವುದಿಲ್ಲ. ಜಿಮ್‌ನವರಿಗೆ ಅದನ್ನು ಕಂಡರಾಗದು. ಅದೇ ಬಟ್ಟೆಯಿಂದ ಪರದೆ ಒರೆಸಿದೆ, ಬೆರಳು ಒರೆಸಿದೆ, ಒತ್ತಿದೆ. ಯಂತ್ರ ನಿಂತಿತು. ಇಡೀ ಜಿಮ್ ಚಪ್ಪಾಳೆ ತಟ್ಟಿತು.

"ಹೊಸ ಸಾಫ್ಟ್‌ವೇರ್ ಕಳಿಸ್ತೀವಿ ಅಂಕಲ್" ಎಂದ, ಏದುಸಿರು ಬಿಡುತ್ತಾ.

ಅದು ಬರುವವರೆಗೆ ಆ ಯಂತ್ರದ ಸ್ಟಾಪ್ ಬಟನ್ ನನ್ನ ಹೆಗಲ ಮೇಲಿರುತ್ತದೆ.