ಗೆದ್ದ ಮೇಲೆ ಕೋಚ್ ಮನೆಗೆ

ಬೆಳಗಿನ ಐದೂಕಾಲು. ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯ ಮನೆಯಲ್ಲಿ ಲಲಿತಾ ಒಲೆಯ ಮೇಲೆ ಚಹಾಕ್ಕಿಟ್ಟು, ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಹನ್ನೆರಡು ಹಾಕಿ ತಂಡಗಳ ಸೀಸನ್ ಓಡುತ್ತಿದೆ. ಚಹಾ ಕುದಿಯುವಷ್ಟರಲ್ಲಿ ಮೂವರು ಕೋಚ್‌ಗಳ ಕೆಲಸ ಹೋಗಿದೆ. ಲಲಿತಾ ನೋಟ್‌ಬುಕ್ಕಿನಲ್ಲಿ ಮೂರು ಗೀಟು ಎಳೆಯುತ್ತಾರೆ.

ಕೊಪ್ಪಳದ ಸಿದ್ದೇಶ ಎಂಬ ಯುವಕ ಕಂಪ್ಯೂಟರಿನಲ್ಲಿ ಹಾಕಿ ತಂಡ ನಡೆಸುವ ಆಟವೊಂದನ್ನು ತಯಾರಿಸುತ್ತಿದ್ದಾನೆ. ಆಟಗಾರರನ್ನು ಆರಿಸುವುದು, ಕೋಚ್ ನೇಮಿಸುವುದು, ತೆಗೆಯುವುದು ಎಲ್ಲ ಅದರಲ್ಲಿದೆ. ಆ ತೆಗೆಯುವುದು ನಿಜದಂತೆ ಇದೆಯೇ ಎಂದು ನೋಡುವವರು ಲಲಿತಾ. ದಿನಕ್ಕೆ ಹತ್ತು ಸೀಸನ್ ಓಡಿಸಿ, ಎಷ್ಟು ಕೋಚ್ ಹೋದರು, ಯಾವಾಗ ಹೋದರು ಎಂದು ಬರೆದು ಕಳಿಸಬೇಕು. ಒಂಬತ್ತಕ್ಕೆ ದಾಳಿಂಬೆ ಶೆಡ್ಡಿಗೆ ಹಣ್ಣು ಆರಿಸಲು ಹೋಗಬೇಕು. ಸಂಜೆ ಮರಳುವಾಗ ಸೊಂಟ ಮಾತು ಕೇಳುವುದಿಲ್ಲ.

"ಮೊದಲ ಈ ಆಟದಾಗ ಐದು ಮ್ಯಾಚ್ ಸೋತ್ರ ಕೋಚ್‌ನ ಮನಿಗೆ ಕಳಸ್ತಿದ್ರು. ನಾ ನಕ್ಕಬಿಟ್ಟೆರಿ. ಸೋಲೋ ತಂಡ ಯಾರಿಗೆ ಬೇಕು? ಅದನ್ನ ಕೋಚ್ ತಲಿಗೇ ಕಟ್ಟಿರ್ತಾರ. ಗೆದ್ದ ಮ್ಯಾಲ ನೋಡ್ರಿ, ಮಾಲಕರು ಹುಟ್ಕೋತಾರ" ಎನ್ನುತ್ತಾರೆ ಲಲಿತಾ.

ಇದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹನ್ನೊಂದು ವರ್ಷ ಮೊರಂ ಮಣ್ಣಿನ ಮೈದಾನದಲ್ಲಿ ಒಂದು ಕ್ಲಬ್ಬಿನ ಹುಡುಗಿಯರಿಗೆ ಹಾಕಿ ಕಲಿಸಿದವರು. ಹತ್ತು ವರ್ಷ ತಂಡ ಸೋತಾಗ ಯಾರೂ ತಿರುಗಿ ನೋಡಲಿಲ್ಲ. ಹನ್ನೊಂದನೆಯ ವರ್ಷ ಕಪ್ ಬಂತು. ಎಂಟನೇ ದಿನ ಸ್ಟಿಕ್ ಇಡುವ ಕೋಣೆಯ ಬೀಗ ಬದಲಾಗಿತ್ತು. ಮೈದಾನದಲ್ಲಿ ಅಧ್ಯಕ್ಷರ ಅಳಿಯ ಸೀಟಿ ಊದುತ್ತಿದ್ದ. ಕೇಳಲು ಹೋದರೆ, ಅಧ್ಯಕ್ಷರು ಊರಲ್ಲಿಲ್ಲ ಎಂದರು. ಆರು ವರ್ಷವಾಯಿತು, ಲಲಿತಾ ಪಾಲಿಗೆ ಅವರು ಇನ್ನೂ ಊರಿಗೆ ಬಂದಿಲ್ಲ! ಕೇಳಿದ ನನಗೇ ಸಿಟ್ಟು ಬರುತ್ತದೆ. ಅವರು ಚಹಾ ಸೋಸುತ್ತಾರೆ.

ಅವರ ಮಾತಿನ ಮೇಲೆ ಸಿದ್ದೇಶ ಆಟಕ್ಕೊಂದು ನಿಯಮ ಸೇರಿಸಿದ: ಕಪ್ ಗೆದ್ದ ಕೋಚ್‌ನ ಕೆಲಸಕ್ಕೇ ಹೆಚ್ಚು ಅಪಾಯ. ಈಗ ಆ ನಿಯಮಕ್ಕೇ ಕುತ್ತು ಬಂದಿದೆ. ಪರೀಕ್ಷೆಗೆಂದು ಆಡಿದ ನಲವತ್ತು ಜನರಲ್ಲಿ ಮೂವತ್ತೊಂದು ಮಂದಿ, ಗೆದ್ದವರನ್ನು ಯಾರಾದರೂ ತೆಗೆಯುತ್ತಾರೆಯೇ, ಆಟದಲ್ಲೇ ಏನೋ ತಪ್ಪಿದೆ ಎಂದು ದೂರಿದ್ದಾರೆ. ಆ ದೂರುಗಳನ್ನು ಲಲಿತಾ ಓದಿದ್ದಾರೆ.

"ಮೇಡಂ ಹೇಳೂದು ಖರೇ ಐತ್ರಿ. ಆದ್ರ ಆಡೋರು ನಂಬವಲ್ರು. ಆ ನಿಯಮ ತಗೀಬೇಕಾಗ್ತೈತಿ" ಎಂದು ಸಿದ್ದೇಶ ನನಗೆ ಹೇಳಿದ್ದಾನೆ. ಅವರಿಗೆ ಹೇಳಿಲ್ಲ. ಹೇಳಲು ಸಂಕೋಚವಂತೆ. ನಾಲ್ಕು ದಿನದಿಂದ ಅವರ ಫೋನ್ ಎತ್ತುತ್ತಿಲ್ಲ.

ನಿಯಮ ಹೋದರೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತೇನೆ. ಲಲಿತಾ ಲ್ಯಾಪ್‌ಟಾಪ್ ಮುಚ್ಚಿ, ಡಬ್ಬಿಗೆ ಎರಡು ರೊಟ್ಟಿ ಹಾಕಿಕೊಳ್ಳುತ್ತಾರೆ.

"ತಗದ್ರ ತಗೀಲಿ ಬಿಡ್ರಿ, ಆಟ ಅವಂದು. ಯಾಕ ತಗದ್ವಿ ಅಂತ ಫೋನ್ ಮಾಡಿ ಒಂದ್ ಮಾತು ಹೇಳ್ಲಿ. ನನಗ ಆವಾಗೂ ಅಷ್ಟ ಬೇಕಿತ್ತು."