ಚಂದ್ರಿಕಾ ಗುಡಿಸುವ ಪುಟ

ಬೆಳಕು ಹರಿಯುವ ಮೊದಲು ಚಂದ್ರಿಕಾ ಮಾಡುವ ಕೆಲಸಗಳು ಇವು. ಕುರಿಹಟ್ಟಿಯ ಹಿಕ್ಕೆ ಬಳಿದು ತಿಪ್ಪೆಗೆ ಹಾಕುವುದು. ಅಂಗಳಕ್ಕೆ ನೀರು ಚಿಮುಕಿಸಿ ಕೋಲ, ಅಂದರೆ ರಂಗೋಲಿ, ಇಡುವುದು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಬೀದಿಯಲ್ಲಿ ಕೊಡ ಸಾಲಿಗಿಟ್ಟು, ಬರದ ದಿನವಾದರೆ ಬೋರ್‌ವೆಲ್‌ವರೆಗೆ ನಡೆದು ಡ್ರಮ್ಮು ತುಂಬುವುದು. ಎಮ್ಮೆಯ ಹಾಲು ಕರೆಯುವುದು. ಅತ್ತೆಯ ಮೊಣಕಾಲಿಗೆ ಕಾವು ಕೊಡಲು ನೀರು ಕಾಯಿಸುವುದು. ಮುದ್ದೆಗೆ ಎಸರಿಡುವುದು, ಮಗಳ ಡಬ್ಬಿಗೆ ಚಟ್ನಿ ಅರೆಯುವುದು. ರಾತ್ರಿಯೆಲ್ಲ ಸುರಿದ ಕಸವನ್ನು ಸಂಘದ ವೆಬ್‌ಸೈಟಿನಿಂದ ತೆಗೆಯುವುದು. ಕುರಿಗಳನ್ನು ಹಟ್ಟಿಯಿಂದ ಬಿಡುವುದು.

ಇವುಗಳಲ್ಲಿ ಒಂದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಕರೆಯುವುದಿಲ್ಲ. "ಪೆಟ್ಟಿ ನೋಡ್ತಾ ಕೂತವ್ಳೆ" ಎನ್ನುತ್ತಾಳೆ ಅತ್ತೆ ಕಾಳಿಯಮ್ಮ.

ಪೆಟ್ಟಿ ಎಂದರೆ ಚಂದ್ರಿಕಾ ಪ್ಲಸ್ ಟು ಓದುವಾಗ ತಮಿಳುನಾಡು ಸರ್ಕಾರ ಕೊಟ್ಟ ಲ್ಯಾಪ್‌ಟಾಪ್. ಅದರ ಬ್ಯಾಟರಿ ಸತ್ತು ವರ್ಷಗಳಾದವು. ಗೋಡೆಗೆ ಚುಚ್ಚಿದ್ದರೆ ಮಾತ್ರ ಬದುಕುತ್ತದೆ. ಅಡುಗೆಮನೆಯಲ್ಲಿರುವುದು ಒಂದೇ ಪ್ಲಗ್ಗು. ಮಿಕ್ಸಿ ಓಡಬೇಕಾದರೆ ಲ್ಯಾಪ್‌ಟಾಪ್ ಆರಬೇಕು. ಮದುವೆಗೆ ಮುಂಚೆ ಅವಳು ಎಡಪ್ಪಾಡಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಸುತ್ತಲಿನ ಊರುಗಳಲ್ಲಿ ಕನ್ನಡ ಮಾತಾಡುತ್ತ ಕುರಿ ಸಾಕುವ ಮನೆಗಳೆಲ್ಲ ಸೇರಿ ಕಟ್ಟಿಕೊಂಡ ಸಂಘಕ್ಕೆ ಒಂದು ಸೈಟು ಬೇಕೆಂದಾಗ ಸೇಲಂನ ಯಾರೋ ಮಾಡಿಕೊಟ್ಟು ಹೋದರು. ಆಮೇಲೆ ಅದನ್ನು ನೋಡಿಕೊಳ್ಳುವವರು ಬೇಕಾಯಿತು. ಕಾರ್ಯದರ್ಶಿ ಗಿರಿ, ಅವಳ ಗಂಡನಿಗೆ ದೊಡ್ಡಪ್ಪನ ಮಗ. "ನೀನು ಮನೇಲಿ ಸುಮ್ಮಾ ತಾನೆ ಇರ್ತೀಯಾ" ಎಂದು ಪಾಸ್‌ವರ್ಡನ್ನು ಅವಳ ಕೈಗೆ ಕೊಟ್ಟ. ಸೈಟಿನ ಕೆಳಗೆ 'ನಿರ್ವಹಣೆ: ಗಿರಿ' ಎಂದಿದೆ.

ಅದರಲ್ಲಿ ಸಂಘದ ಹಿರಿಯರ ಫೋಟೋಗಳಿವೆ, ಕುಲಗಳ ಪಟ್ಟಿಯಿದೆ, ಗಂಡು ಹೆಣ್ಣು ನೋಡುವವರಿಗೊಂದು ಪುಟವಿದೆ. ಚಂದ್ರಿಕಾ ಸೇರಿಸಿದ್ದು ಒಂದನ್ನೇ, ಹೆಂಗಸರಿಗೊಂದು ಪುಟ. ಆ ಪುಟದಲ್ಲಿ ಓದಲು ಏನೂ ಇಲ್ಲ. ಕೆಂಪು ಗುಂಡಿಯೊಂದಿದೆ, ಒತ್ತಿ ಮಾತಾಡಿದರೆ ದನಿ ಅಲ್ಲಿ ಉಳಿಯುತ್ತದೆ, ಪುಟ ತೆರೆದ ಯಾರು ಬೇಕಾದರೂ ಕೇಳಬಹುದು. ಹೆಸರು ಬೇಡ, ನಂಬರ್ ಬೇಡ. ಸಂಘದ ಮನೆಗಳ ಹೆಂಗಸರು ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ತಮಿಳು ಕಲಿತಿದ್ದಾರೆ ಅಥವಾ ಏನೂ ಕಲಿತಿಲ್ಲ. ಹಾಗಾಗಿ ಬರೆಯುವ ಪುಟ ಅವರಿಗೆ ಕೆಲಸಕ್ಕೆ ಬಾರದು. ಮೊದಲ ತಿಂಗಳಲ್ಲೇ ಮೆಟ್ಟೂರು ಕಡೆಯಿಂದ, ಧರ್ಮಪುರಿ ಕಡೆಯಿಂದ ದನಿಗಳು ಬಂದವು. "ನಮ್ಮಕ್ಕನ್ಗೆ ಏಳಿ, ನಂಗೆ ಎಣ್ಣು ಉಟ್ಟೈತೆ." "ಯಾರಾನ ನಮ್ಮೂರೋರು ಈ ಕಡೆ ಬಂದ್ರೆ ಅವರೆಕಾಳು ಕೊಟ್ ಕಳ್ಸಿ." ಸಂಘದ ಗಂಡಸರು ಆ ಪುಟವನ್ನು ತೆರೆದು ನೋಡಿರಲಿಲ್ಲ.

ಚಂದ್ರಿಕಾಳ ಮನೆಯಿಂದ ಮೂರನೆಯ ಮನೆ ಮಾರಿಯಮ್ಮನದು. ಮಾರಿಯಮ್ಮ ಗಂಡನಿಲ್ಲದವಳು, ಫೋನಿಲ್ಲದವಳು. ಒಬ್ಬಳೇ ಮಗಳು ರೋಜಾಳನ್ನು ಪೆನ್ನಾಗರಂ ಕಡೆ ಕೊಟ್ಟಿದ್ದಳು. ಮದುವೆಯಾದ ವರ್ಷ, ಹೊಸ ಹೆಣ್ಣು ತವರಿಗೆ ಬರುವ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮಗಳನ್ನು ಕರೆತರಲು ಹೋದ ಮಾರಿಯಮ್ಮನನ್ನು ಆ ಮನೆಯವರು ಹೊರಗಿನ ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಮಗಳ ಮುಖ ತೋರಿಸದೆ ಕಳಿಸಿದರು. ರೋಜಾಳ ಫೋನನ್ನು ಗಂಡ ಕಲ್ಲಿಗೆ ಹೊಡೆದಿದ್ದನೆಂದು ಆಮೇಲೆ ತಿಳಿಯಿತು. ತಿಳಿದದ್ದು ಆ ಪುಟದಿಂದಲೇ. ಯಾರದೋ ಫೋನಿನಿಂದ ರೋಜಾ ತನ್ನ ಹೆಸರು ಹೇಳಿ, ಅತ್ತು, ಎಲ್ಲವನ್ನೂ ಹೇಳಿದ್ದಳು. ಅದನ್ನು ಕೇಳಿದ ಯಾರೋ ಅವಳ ಮಾವನ ಕಿವಿಗೆ ಮುಟ್ಟಿಸಿದರು. ಆಮೇಲೆ ಬಹಳ ದಿನ ಏನೂ ಇಲ್ಲ.

ನಂತರ ಒಂದು ಅಮಾವಾಸ್ಯೆಯ ಮರುದಿನ, ಹೆಸರಿಲ್ಲದ, ಮಾತೂ ಇಲ್ಲದ ಒಂದು ದನಿ ಸಿಕ್ಕಿತು. ಕುರಿಗಳನ್ನು ಕರೆಯುವ ಕೂಗು, ಅಷ್ಟೇ. ನಾಲಿಗೆಯನ್ನು ಅಂಗುಳಕ್ಕೆ ಬಡಿದು, ಕೊನೆಯಲ್ಲಿ ಎರಡು ಸಲ "ಓಯ್, ಓಯ್."

ಈ ಕಡೆ ಒಂದೊಂದು ಮನೆಗೂ ಕುರಿ ಕರೆಯುವ ಕೂಗು ಬೇರೆ. ಮಂದೆಗಳು ಬೆರೆತುಹೋದಾಗ ಆ ಕೂಗಿಗೇ ಅವು ಬೇರೆಯಾಗಿ ಬರುತ್ತವೆ. ಹೆಣ್ಣು ಗಂಡನ ಮನೆಗೆ ಹೋದರೆ ಮೊದಲು ಕಲಿಯಬೇಕಾದದ್ದು ಆ ಮನೆಯ ಕೂಗು. ತವರಿನ ಕೂಗನ್ನು ಅಲ್ಲಿ ಬಾಯಿಗೆ ತರುವಂತಿಲ್ಲ. ಚಂದ್ರಿಕಾ ಫೋನಿನಲ್ಲಿ ಆ ದನಿ ಕೇಳಿಸಿದಾಗ ಮಾರಿಯಮ್ಮ ಹಾಲಿನ ಚೊಂಬು ಕೆಳಗಿಟ್ಟಳು. "ನಮ್ಮನೆ ಕೂಗು. ಜೀವ್ವಾಗವ್ಳೆ."

ಅಮಾವಾಸ್ಯೆಗೆ ರೋಜಾಳ ಅತ್ತೆ ಮಾವ ಗಂಡ ಎಲ್ಲ ಕುಲದೇವರ ಗುಡಿಗೆ ಹೋಗುತ್ತಾರೆ, ಅವಳನ್ನು ಕುರಿ ಕಾಯಲು ಬಿಟ್ಟು. ಪಕ್ಕದ ಹೊಲದ ಯಾವಳೋ ಪುಣ್ಯಾತ್ಗಿತ್ತಿ ಒಂದು ನಿಮಿಷ ಫೋನು ಕೊಡುತ್ತಿರಬೇಕು. ಹೀಗೆಂದು ಇಬ್ಬರೂ ಲೆಕ್ಕ ಹಾಕಿಕೊಂಡರು. ಅಂದಿನಿಂದ ಪ್ರತಿ ಅಮಾವಾಸ್ಯೆಯ ಮರುದಿನ ಮಾರಿಯಮ್ಮ ಹಾಲಿಗೆಂದು ಬಂದು ಒಂದು ಕೂಗು ಕೇಳಿ ಹೋಗುತ್ತಿದ್ದಳು.

ಬಾಟ್‌ಗಳು ಬಂದದ್ದು ಚಳಿಗಾಲದಲ್ಲಿ. ಬಾಟ್ ಎಂದರೆ ಮನುಷ್ಯರಲ್ಲ. ಎಲ್ಲೋ ಕೂತ ಯಂತ್ರಗಳು ಊರೂರ ಸೈಟುಗಳ ಬಾಗಿಲು ತಟ್ಟುತ್ತ ಹೋಗುತ್ತವೆ, ತೆರೆದದ್ದು ಸಿಕ್ಕರೆ ಜೂಜಿನ ಜಾಹೀರಾತು, ಹಾಳುಮೂಳು ಎಲ್ಲ ಸುರಿಯುತ್ತವೆ. ಹೆಂಗಸರ ಪುಟಕ್ಕೆ ಬೀಗವಿರಲಿಲ್ಲ. ಮೊದಲ ದಿನ ಹತ್ತಾರು, ವಾರದಲ್ಲಿ ಸಾವಿರಾರು. ಒಂದೊಂದೂ ಅರೆ ಉಸಿರಿನಷ್ಟು ಉದ್ದದ ಕರಕರ ಸದ್ದು, ಜೊತೆಗೊಂದು ಲಿಂಕು.

"ಯಾರ್ ಆಕ್ತಾರೆ ಆ ಕಸಾವ?" ಎಂದು ಕಾಳಿಯಮ್ಮ ಕೇಳಿದಳು.

"ಯಾರೂ ಇಲ್ಲ ಅತ್ತೆ. ಮಿಷನ್ನು."

"ಅಂಗಾದ್ರೆ ಗುಡ್ಸೋಕೂ ಒಂದ್ ಮಿಷನ್ ಇಕ್ಕು."

"ಇಕ್ಕವ್ರಲ್ಲಾ ಅತ್ತೆ. ನಾನೇ ಅದು."

ಕಾಳಿಯಮ್ಮ ನಕ್ಕಳು, ಆಮೇಲೆ ಬಿಸಿನೀರು ಕೇಳಿದಳು.

ಚಂದ್ರಿಕಾ ಸುಮ್ಮನೆ ಕೂರಲಿಲ್ಲ. ಗುಂಡಿ ಒತ್ತುವ ಮುಂಚೆ ನಾಲ್ಕು ಚಿತ್ರ ಬರುವಂತೆ ಮಾಡಿದಳು: ಮೂರು ಮೇಕೆ, ಒಂದು ಮೇಚ್ಚೇರಿ ಕುರಿ. ಕುರಿಯನ್ನು ಮುಟ್ಟಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಮೇಚ್ಚೇರಿ ಕುರಿಗೆ ಉಣ್ಣೆಯಿಲ್ಲ; ಕಂದು ಬಣ್ಣ, ಸಣ್ಣ ಕೂದಲು. ಕಂಡರಿಯದವರು ಮೇಕೆಯೆಂದೇ ಹೇಳುತ್ತಾರೆ. ಹೆಂಗಸರಿಗೆ ಅದು ತಮಾಷೆಯಾಯಿತು. "ಯಾರಮ್ಮ ಇದು, ಕುರಿ ಗೊತ್ತಾ ಅಂತ ನಮ್ಮನ್ ಕೇಳೋಳು?" ಎಂದು ಒಬ್ಬಳು ಮುದುಕಿ ದನಿ ಬಿಟ್ಟಿದ್ದಳು. ಯಂತ್ರಗಳು ಕೆಲವು ದಿನ ಹೊರಗೇ ನಿಂತವು. ಆಮೇಲೆ ನಾಲ್ಕು ಚಿತ್ರಗಳನ್ನೂ ಒಂದಾದ ಮೇಲೊಂದು ಮುಟ್ಟಿ ನೋಡುವುದನ್ನು ಕಲಿತವು. ಅವು ದಣಿಯುವುದಿಲ್ಲ, ಬೇಯಿಸುವುದಿಲ್ಲ, ತೊಳೆಯುವುದಿಲ್ಲ.

ಮಾಘದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಸೈಟು ತೆರೆಯಲೇ ಇಲ್ಲ. ಬಲವಂತವಾಗಿ ಒಳಹೊಕ್ಕು ನೋಡಿದರೆ ಕಸ ಕತ್ತಿನವರೆಗೆ ಬಂದಿತ್ತು. ಕಸ ಇಳಿಸಿದರೆ ಮಾತ್ರ ಸೈಟು ಮೇಲೇಳುತ್ತದೆ. ಒಂದೊಂದನ್ನೂ ಕೇಳಿ ಅಳಿಸುವುದು ಅವಳ ರೂಢಿ. ಅವತ್ತು ಕೇಳತೊಡಗಿದಳು. ಎಸರು ಉಕ್ಕಿತು. ಕಾಳಿಯಮ್ಮ ಒಳಗಿಂದ "ನೀರು ಕಾಯ್ತಾ ಇಲ್ಲವಾ?" ಎಂದಳು. ಮಗಳ ಸ್ಕೂಲ್ ವ್ಯಾನು ಬರುವ ಹೊತ್ತು, ಚಟ್ನಿ ಅರೆದಿಲ್ಲ, ಮಿಕ್ಸಿಗೆ ಪ್ಲಗ್ಗು ಬೇಕು. ಪ್ಲಗ್ಗು ಕಿತ್ತರೆ ಅರ್ಧಕ್ಕೆ ನಿಂತದ್ದೆಲ್ಲ ಮತ್ತೆ ಮೊದಲಿಂದ. ಚಿಕ್ಕದಾದ ದನಿಗಳನ್ನೆಲ್ಲ ಕೇಳದೆ ಒಟ್ಟಿಗೆ ಆಯ್ದು ಅಳಿಸಿಬಿಟ್ಟಳು. ಸೈಟು ಎದ್ದಿತು. ಪ್ಲಗ್ಗು ಕಿತ್ತು ಮಿಕ್ಸಿಗೆ ಚುಚ್ಚಿದಳು. ಮಿಕ್ಸಿ ಕರಕರನೆ ಓಡುತ್ತಿರುವಾಗ ಅವಳಿಗೆ ಹೊಳೆಯಿತು: ರೋಜಾಳ ಕೂಗೂ ಚಿಕ್ಕದೇ.

ಮಾರಿಯಮ್ಮ ಚೊಂಬು ಹಿಡಿದು ಬಂದಳು. "ಬಂತಾ?"

"ಬಂದಿರ್ಬೋದು ಅಕ್ಕಾ."

"ಇರ್ಬೋದು ಅಂದ್ರೆ?"

"ಕಸದ್ ಜೊತೆ ಅಳ್ಸಿಬಿಟ್ಟೆ. ಕೇಳ್ದೆ ಅಳ್ಸಿಬಿಟ್ಟೆ."

ಮಾರಿಯಮ್ಮ ಚೊಂಬನ್ನು ಮುಂದಿಟ್ಟಳು. ಆಮೇಲೆ ಅಂದಳು: "ಕಸ ಗುಡ್ಸೋವಾಗ ಮೂಗುಬೊಟ್ಟು ಬಿದ್ದೈತಾ ಅಂತ ನೋಡ್ತೀವಲ್ಲೇ ಚಂದ್ರಿ. ನೀ ನೋಡ್ಲಿಲ್ವಾ?"

ಚಂದ್ರಿಕಾ ಹಾಲು ಅಳೆದು ಹಾಕಿದಳು. ಮಾರಿಯಮ್ಮ ಅದನ್ನು ಅಲ್ಲಿಯೇ ಬಿಟ್ಟು ಹೋದಳು. ರೋಜಾ ಕೂಗಿದ್ದಳೋ, ಇಲ್ಲವೋ. ಕೂಗಲು ಇದ್ದಾಳೋ, ಇಲ್ಲವೋ. ಮುಂದಿನ ಅಮಾವಾಸ್ಯೆಯವರೆಗೆ ತಿಳಿಯುವ ದಾರಿ ಇರಲಿಲ್ಲ. ಆಗಲೂ ಆ ಪುಟ ತೆರೆದಿದ್ದರೆ ಮಾತ್ರ.

ಆ ವಾರದ ಕೊನೆಗೆ ಸೈಟಿಗೆ ಜಾಗ ಕೊಟ್ಟ ಕಂಪನಿಯಿಂದ ಎಚ್ಚರಿಕೆ ಬಂತು: ತೆರೆದಿರುವ ಪುಟಕ್ಕೆ ಬೀಗ ಹಾಕದಿದ್ದರೆ ಇಡೀ ಸೈಟನ್ನೇ ನಿಲ್ಲಿಸುತ್ತೇವೆ. ಹೆಸರಿದ್ದದ್ದು ಗಿರಿಯದಾದ್ದರಿಂದ ಅದು ಅವನ ಫೋನಿಗೆ ಹೋಯಿತು. ಸಂಜೆ ಅವನು ಬೈಕಿನಲ್ಲಿ ಬಂದ. ಚಂದ್ರಿಕಾಳ ಗಂಡ ಪ್ರಭು ಶಂಕಗಿರಿಯ ಲಾರಿಯೊಂದರ ಡ್ರೈವರ್. ಉತ್ತರದ ಟ್ರಿಪ್ಪು ಮುಗಿಸಿ ಅವತ್ತೇ ಮನೆಗೆ ಬಂದಿದ್ದ. ಇಬ್ಬರೂ ಕಟ್ಟೆಯ ಮೇಲೆ ಕೂತರು. ಚಂದ್ರಿಕಾ ಟೀ ತಂದು ಬಾಗಿಲ ಬಳಿ ನಿಂತಳು.

"ಕಲ್ಯಾಣ ಸೀಸನ್ನು," ಗಿರಿ ಅಂದ. "ಗಂಡು ಎಣ್ಣು ಪುಟ ನಿಂತ್ರೆ ನನ್ನ ಮಾನ ಓಯ್ತದೆ. ಆ ಎಂಗಸ್ರ ಪುಟಕ್ಕೆ ಓಟಿಪಿ ಇಕ್ಕಿಬಿಡು. ಮೆಂಬರ್ ಲಿಸ್ಟ್‌ನಲ್ಲಿರೋ ನಂಬರ್‌ಗೆ ಕೋಡ್ ಓಗ್ಲಿ. ಕೋಡ್ ಆಕಿದ್ರೆ ಮಾತಾಡ್ಲಿ. ಮುಡಿಂಜದು, ಕೆಲ್ಸ ಆಯ್ತು."

"ಬಾವಾ, ಲಿಸ್ಟ್‌ನಲ್ಲಿರೋದೆಲ್ಲ ಗಂಡಸ್ರ ನಂಬರ್ರು."

"ಮನೇಗೊಂದು ನಂಬರ್ ಐತಲ್ಲ. ಗಂಡನ್ನೋ ಮಾವನ್ನೋ ಕೇಳಿ ಕೋಡ್ ಇಸ್ಕಂತಾರೆ."

"ಗಂಡನ್ ಕೇಳಿ ಮಾತಾಡೋರು ಈ ಪುಟಕ್ಕೆ ಯಾಕ್ ಬರ್ತಾರೆ ಬಾವಾ?"

ಪ್ರಭು ಲೋಟ ಕೆಳಗಿಟ್ಟ. "ಲೇ, ಅಣ್ಣ ಏಳಿದ್ದು ಮಾಡು. ಅದೇನ್ ದೊಡ್ ಆಪೀಸಾ?"

ಗಿರಿ ನಗುತ್ತ, "ಪಾವಂ, ಅವ್ಳಿಗೂ ಕೆಲ್ಸ ಕಮ್ಮಿ ಆಯ್ತದಲ್ಲಪ್ಪಾ. ನಾಳೆ ಕಾಲೈಲಿ ಎದ್ದು ನಾನ್ ನೋಡ್ದಾಗ ಬೀಗ ಬಿದ್ದಿರ್ಬೇಕು" ಎಂದು ಎದ್ದ.

ಅವನು ಹೇಳಿದ್ದರಲ್ಲಿ ಒಂದು ಮಾತು ನಿಜವಾಗಿತ್ತು. ಬೀಗ ಬಿದ್ದರೆ ಬೆಳಗಿನ ಒಂದು ಕೆಲಸ ಕಡಿಮೆಯಾಗುತ್ತಿತ್ತು.

ಮರುದಿನ ಹಿಕ್ಕೆ ಬಳಿದು, ಕೋಲ ಇಟ್ಟು, ಹಾಲು ಕರೆದು, ಅತ್ತೆಗೆ ನೀರು ಕಾಯಿಸಿ, ಚಂದ್ರಿಕಾ ಒಲೆಯ ಪಕ್ಕ ಕೂತಳು. ಪ್ರಭು ಒಳಗೆ ಮಲಗಿದ್ದ. ಗಿರಿ ಹೇಳಿದಂತೆ ಬೀಗ ಹಾಕಿದಳು. ಕೆಂಪು ಗುಂಡಿ ಮರೆಯಾಗಿ, ಆ ಜಾಗದಲ್ಲಿ ನಂಬರ್ ಕೇಳುವ ಖಾಲಿ ಚೌಕ ಬಂತು.

ಅವಳ ಬಳಿ ಇದ್ದದ್ದು ಇನ್ನೊಂದೇ ಬಾಗಿಲು. ಅದು ಅವಳ ಸ್ವಂತ ಫೋನು. ಆ ನಂಬರನ್ನು ತವರಿನವರಿಗಲ್ಲದೆ ಬೇರೆ ಯಾರಿಗೂ ಕೊಡುವಂತಿಲ್ಲವೆಂದು ಪ್ರಭು ಹೇಳಿದ್ದ. ಲಾರಿಯಿಂದ ಅವನು ಕರೆ ಮಾಡಿದಾಗ ಲೈನು ಬಿಜಿ ಬಂದರೆ "ಯಾರ್ ಜತೆ?" ಎಂಬುದೇ ಮೊದಲ ಮಾತು. ಯಾವನೋ ತಪ್ಪು ನಂಬರಿನವನು ಪದೇ ಪದೇ ಕರೆ ಮಾಡಿದ್ದಕ್ಕೆ ಒಂದು ಸಿಮ್ಮು ಮುರಿದಿದ್ದ. ಮಗಳ ಸ್ಕೂಲಿನಿಂದ ಬಂದ ಕರೆಗೆ ಇನ್ನೊಂದು. ಈಗಿರುವುದು ಮೂರನೆಯದು.

ಬಾಯಲ್ಲಿ ನಂಬರ್ ಹೇಳಿ ದನಿಯಾಗಿ ಮಾತ್ರ ಇಡಬಹುದಿತ್ತು. ಹಾಗಿಟ್ಟರೆ ಯಂತ್ರಗಳ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ರೋಜಾಳಿಗೆ ಸಿಗುವುದು ಬೇರೆಯವರ ಫೋನು, ಒಂದು ನಿಮಿಷ. ಬಯಲಲ್ಲಿ ನಿಂತು ಅಂಕಿಗಳನ್ನು ಕೇಳಿ, ನೆನಪಿಟ್ಟು, ಒತ್ತುವಷ್ಟು ವ್ಯವಧಾನ ಎಲ್ಲಿದೆ? ಮುಟ್ಟಿದರೆ ಸಾಕು, ಕರೆ ಹೋಗಬೇಕು. ಹಾಗೆ ಇಡಬೇಕಾದರೆ ನಂಬರನ್ನು ಬರೆದೇ ಇಡಬೇಕು. ಬರೆದದ್ದನ್ನು ಯಂತ್ರಗಳು ಹೆಕ್ಕಿಕೊಂಡು ಹೋಗುತ್ತವೆ. ಆಮೇಲೆ ಸಾಲ ಬೇಕಾ ಎನ್ನುವವರು, ಜೂಜಿನವರು, ಹೆಂಗಸಿನ ದನಿ ಕೇಳಿದರೆ ಇಡದ ಗಂಡಸರು, ಎಲ್ಲರೂ ಬರುತ್ತಾರೆ. ಪುಟಕ್ಕೆ ಬೀಳುತ್ತಿದ್ದ ಕಸವೆಲ್ಲ ಅವಳ ಸೊಂಟದಲ್ಲಿರುವ ಫೋನಿಗೆ ಬೀಳುತ್ತದೆ. ಪ್ರಭುವಿಗೆ ಇದು ತಿಳಿಯದೆ ಇರುವುದಿಲ್ಲ. ತಿಳಿದ ದಿನ ಏನಾಗುತ್ತದೆ ಎಂಬುದನ್ನು ಅವಳು ಪೂರ್ತಿಯಾಗಿ ಯೋಚಿಸಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಎಸರಿಗೆ ಹಿಟ್ಟು ಹಾಕಿ ಬಂದಳು.

ಬಂದು, ಚೌಕದ ಮೇಲೆ ಒಂದು ಹಸಿರು ಗುಂಡಿ ಮಾಡಿದಳು. ಅದರೊಳಗೆ ತನ್ನ ನಂಬರ್ ಬರೆದಳು. ಇದು ತವರಿನ ಕಡೆಯ ನಂಬರ್ ಎಂದು ರೋಜಾಳಿಗೆ ಗೊತ್ತಾಗಲಿ ಎಂದು ಫೋನನ್ನು ಬಾಯಿಯ ಹತ್ತಿರ ಹಿಡಿದು, ಪ್ರಭುವಿಗೆ ಕೇಳದಂತೆ, ಮಾರಿಯಮ್ಮನ ಮನೆಯ ಕೂಗನ್ನು ಮೆಲ್ಲಗೆ ಕೂಗಿ ಅಲ್ಲಿ ಇಟ್ಟಳು. ಅವಳ ನಾಲಿಗೆಗೆ ಅದು ಸರಿಯಾಗಿ ಬರಲಿಲ್ಲ. ಅಳಿಸಿ ಇನ್ನೊಮ್ಮೆ ಕೂಗಿದಳು. ನಂತರ ಪುಟಕ್ಕೆ ಸೇರಿಸುವ ಗುಂಡಿ ಒತ್ತಿದಳು.

ಪ್ಲಗ್ಗು ಕಿತ್ತು ಲ್ಯಾಪ್‌ಟಾಪ್ ಮುಚ್ಚಿದಳು. ಫೋನಿನ ಸದ್ದನ್ನು ಪೂರ್ತಿ ಏರಿಸಿ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಳು. ಚಟ್ನಿಗೆ ಕಾಯಿ, ಮೆಣಸಿನಕಾಯಿ ತೆಗೆದು ಮಿಕ್ಸಿಯ ಜಾರಿಗೆ ಹಾಕಿದಳು, ಒಂದು ಗಳಿಗೆ ನಿಂತಳು, ಮತ್ತೆ ಹೊರಗೆ ಸುರಿದುಕೊಂಡಳು. ಹಿತ್ತಿಲಿನ ಅರೆಯುವ ಕಲ್ಲಿಗೆ ನೀರು ಹೊಯ್ದು ತೊಳೆದು, ಫೋನನ್ನು ಪಕ್ಕದಲ್ಲಿಟ್ಟುಕೊಂಡು ಅರೆಯಲು ಕೂತಳು.

"ಕರೆಂಟ್ ಐತಲ್ಲೇ," ಕಾಳಿಯಮ್ಮ ಒಳಗಿಂದ ಕೂಗಿದಳು. "ಕಲ್ಲಲ್ಲಿ ಯಾಕ್ ಸಾಯ್ತೀಯಾ?"

ಮಿಕ್ಸಿ ಓಡಿದರೆ ಫೋನು ಕೇಳಿಸುವುದಿಲ್ಲ ಎಂದು ಚಂದ್ರಿಕಾ ಹೇಳಲಿಲ್ಲ. ಗುಂಡುಕಲ್ಲನ್ನು ಎಳೆದು ಅರೆದಳು. ಇನ್ನು ಮೇಲೆ ಬೆಳಗಿನ ಕೆಲಸಕ್ಕೆ ಇದೂ ಸೇರಿತು.